ಅಂಗಳದ ಬೇವು ಬಿದ್ದೀತೆಂಬ ಭಯ: ತಲೆ ಕಡಿಸುವ ಮೊದಲು ಬುಡ ನೋಡಿ

ಪ್ರಶ್ನೆ: ಕಲಬುರಗಿಯ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮನೆ. 1984ರಲ್ಲಿ ಮಾವನವರು ಮನೆ ಕಟ್ಟಿಸಿ, ಅಂಗಳದಲ್ಲಿ ಬೇವಿನ ಗಿಡ ಹಚ್ಚಿದರು. ಈಗ ಅದು ಮಾಳಿಗೆಗಿಂತ ಎಷ್ಟೋ ಎತ್ತರ. ಎದೆಮಟ್ಟದಲ್ಲಿ ಸುತ್ತಳತೆ 7 ಅಡಿ. ಬುಡದವರೆಗೂ ಶಹಾಬಾದ್ ಫರ್ಸಿ ಹಾಸಿದ್ದೇವೆ. ಎರಡು ವರ್ಷದ ಹಿಂದೆ ಚರಂಡಿ ಪೈಪಿಗೆಂದು ಗಿಡದ ಪಶ್ಚಿಮಕ್ಕೆ, 5 ಅಡಿ ದೂರದಲ್ಲಿ, 3 ಅಡಿ ಆಳದ ಕಾಲುವೆ ತೋಡಿಸಿದೆವು. ಮನೆ ಇರುವುದು ಪೂರ್ವಕ್ಕೆ. ಹೋದ ಮೇ ತಿಂಗಳ ಬಿರುಗಾಳಿಗೆ ಪಕ್ಕದವರ ಗುಲ್‌ಮೊಹರ್ ಬುಡಸಮೇತ ಉರುಳಿ ಕಾಂಪೌಂಡ್ ಒಡೆಯಿತು. ಅಂದಿನಿಂದ ಅವರು ನಮ್ಮ ಬೇವನ್ನೂ ತೆಗೆಸಿ ಅನ್ನುತ್ತಿದ್ದಾರೆ. ಮರ ಕಡಿಯುವವರನ್ನು ಕರೆಸಿದರೆ, "ಮೇಲಿನ ಅರ್ಧ ಹಾರಿಸಿಬಿಡುತ್ತೇವೆ, ಗಾಳಿ ಹಿಡಿಯೋದೇ ಇಲ್ಲ" ಅಂದರು. ನಮ್ಮ ಅತ್ತೆಯವರು ಬೇವಿಗೆ ಕೊಡಲಿ ಹಚ್ಚಬೇಡಿ ಅನ್ನುತ್ತಾರೆ. ಕವಲಿನ ಹತ್ತಿರ ಒಂದು ಪೊಟರೆ ಇದೆ, ಹಿಂದೆ ಅದಕ್ಕೆ ಸಿಮೆಂಟ್ ತುಂಬಿಸಿದ್ದೆವು. ತೊಗಟೆ ಮೇಲೆ ಗೆದ್ದಲು ಮಣ್ಣು ಏರಿದೆ. ದೀಪಾವಳಿ ಹೊತ್ತಿಗೆ ಚಿಗುರೆಲ್ಲ ಸುಟ್ಟ ಹಾಗೆ ಒಣಗುತ್ತದೆ. 2012ರಲ್ಲಿ ಗಿಡದ ಹತ್ತಿರ ಕಟ್ಟಿಸಿದ ಕೋಣೆಯ ಗೋಡೆಯಲ್ಲಿ ಬಿರುಕು ಬಿಟ್ಟಿದೆ. ಅದು ಬೇರಿನ ಕೆಲಸವೇ? ಬೇಸಿಗೆಯಲ್ಲಿ ಇಷ್ಟು ದೊಡ್ಡ ಗಿಡಕ್ಕೆ ನೀರು ಹಾಕಬೇಕಾ? ಉಳಿಸಿಕೊಳ್ಳಬೇಕೆಂಬ ಆಸೆಯೂ ಇದೆ, ಮಕ್ಕಳ ಮೇಲೆ ಬಿದ್ದರೆ ಎಂಬ ಭಯವೂ ಇದೆ.

ಉತ್ತರ: ಅಕ್ಕಾವರೆ, ನಿಮ್ಮ ಪತ್ರದಲ್ಲಿ ಏಳೆಂಟು ಚಿಂತೆಗಳಿವೆ. ಎಲ್ಲದರ ತೂಕ ಒಂದೇ ಅಲ್ಲ. ಗೆದ್ದಲು, ಒಣಗಿದ ಚಿಗುರು, ಮರದ ಎತ್ತರ, ಇವುಗಳಿಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆ ಪಶ್ಚಿಮದ ಕಾಲುವೆಯನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಕಳವಳ ಆದದ್ದು ಅದನ್ನು ಓದಿ. ಕಲಬುರಗಿ, ಬೀದರ್, ಯಾದಗಿರಿಯ ಅಂಗಳಗಳಲ್ಲಿ ಬಿದ್ದ ಮರಗಳನ್ನು ನೋಡಲು ನನ್ನನ್ನು ಕರೆಯುತ್ತಾರೆ. ಹೋದಾಗೆಲ್ಲ ನಾನು ಮೊದಲು ಕೇಳುವ ಪ್ರಶ್ನೆ, "ಈಚೆಗೆ ಬುಡದ ಹತ್ತಿರ ಏನಾದರೂ ಅಗೆಸಿದ್ರಾ?" ತುಂಬಾ ಸಲ ಉತ್ತರ ಹೌದು ಎಂದೇ ಬರುತ್ತದೆ. ಸಂಪು, ಚರಂಡಿ, ಕಾಂಪೌಂಡ್ ಪಾಯ, ಏನೋ ಒಂದು.

ನಮ್ಮ ಭಾಗದಲ್ಲಿ ಮರಕ್ಕೆ ಅಪಾಯದ ಕಾಲ ಎರಡು. ಒಂದು ಏಪ್ರಿಲ್-ಮೇ. ಬಿಸಿಲು 42-43 ಡಿಗ್ರಿಗೆ ಏರಿರುತ್ತದೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಧೂಳೆದ್ದು, ಸ್ವಲ್ಪ ಹೊತ್ತು ಬಿರುಗಾಳಿ ಬಾರಿಸುತ್ತದೆ. ನಾಲ್ಕು ಹನಿ ಮಳೆ ಅಥವಾ ಆಲಿಕಲ್ಲು ಬಿದ್ದು ಮುಗಿಯುತ್ತದೆ. ಆಗ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಬೇರು ಹಿಡಿತ ಬಿಡುವುದಿಲ್ಲ. ಮುರಿಯುವುದು ಟೊಂಗೆ, ಸೀಳುವುದು ಕವಲು. ಎರಡನೆಯ ಕಾಲ ಆಗಸ್ಟ್ ಕೊನೆಯಿಂದ ಅಕ್ಟೋಬರ್. ಕಲಬುರಗಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 750 ಮಿಲಿಮೀಟರ್ ಮಳೆಯಲ್ಲಿ ಸೆಪ್ಟೆಂಬರ್‌ನ ಪಾಲು ದೊಡ್ಡದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದು ನಿಮಗೂ ನೆನಪಿರಬೇಕು. ಎರೆ ಮಣ್ಣು ವಾರಗಟ್ಟಲೆ ನೆಂದರೆ ಮೆತ್ತಗಾಗುತ್ತದೆ. ಆಗ ದೊಡ್ಡ ಗಾಳಿಯೇ ಬೇಕೆಂದಿಲ್ಲ. ಬೇರಿನ ಹಿಡಿತ ಕಡಿಮೆಯಾದ ಮರ ನಿಂತಲ್ಲೇ ವಾಲಿ ಉರುಳುತ್ತದೆ.

ಹಾಗಾಗಿ ನಿಮ್ಮ ಬೇವನ್ನು ಎರಡು ಸಲ ಪರೀಕ್ಷೆ ಮಾಡಬೇಕು. ಮೇ ತಿಂಗಳ ಗಾಳಿಗೆ ಮುಂಚೆ ಕವಲು, ಸೆಪ್ಟೆಂಬರ್ ಮಳೆಗೆ ಮುಂಚೆ ಬೇರು.

ಪಕ್ಕದವರ ಗುಲ್‌ಮೊಹರ್ ಬಿದ್ದದ್ದಕ್ಕೂ ನಿಮ್ಮ ಬೇವಿಗೂ ನೇರ ಸಂಬಂಧ ಇಲ್ಲ. ಗುಲ್‌ಮೊಹರ್ ಮಡಗಾಸ್ಕರ್ ಮೂಲದ ಮರ. ಬೇಗ ಬೆಳೆಯುತ್ತದೆ, ಕಟ್ಟಿಗೆ ಮೆದು, ಬೇರು ಮೇಲ್ಮೇಲೆ ಹರಡುತ್ತದೆ, ನೆತ್ತಿ ಕೊಡೆಯ ಹಾಗೆ ಅಗಲ. ಬೇವಿನ ಕಟ್ಟಿಗೆ ಗಟ್ಟಿ, ನಮ್ಮ ಒಣ ನೆಲಕ್ಕೆ ಹೊಂದಿಕೊಂಡ ಮರ. ಆದರೂ ಒಂದು ಮಾತು. ಮೇ ತಿಂಗಳ ಗಟ್ಟಿ ನೆಲದಲ್ಲೂ ಆ ಗುಲ್‌ಮೊಹರ್ ಬುಡಸಮೇತ ಎದ್ದಿತೆಂದರೆ ಅದರ ಬೇರು ಮೊದಲೇ ಕೊಳೆತಿರಬೇಕು, ಇಲ್ಲವೇ ಕತ್ತರಿಸಿರಬೇಕು. ಬೇರು ಕತ್ತರಿಸಿಕೊಂಡ ಯಾವ ಮರಕ್ಕೂ, ಬೇವಿಗೂ, ಅದೇ ಗತಿ ಬರಬಹುದು.

ಈಗ ಕಾಲುವೆಗೆ ಬರೋಣ. ದೊಡ್ಡ ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಎಳೆಯ ಬೇವಿಗೆ ತಾಯಿಬೇರು ಆಳಕ್ಕೆ ಹೋಗುವುದು ನಿಜ. ಆದರೆ ನಾಲ್ಕು ದಶಕ ದಾಟಿದ ಮರದ ಬೇರಿನ ಬಹುಪಾಲು ಇರುವುದು ಮೇಲಿನ ಎರಡು-ಮೂರು ಅಡಿ ಮಣ್ಣಿನಲ್ಲಿ. ಅದು ಟೊಂಗೆಗಳ ನೆರಳು ದಾಟಿ ಎಷ್ಟೋ ದೂರ ಹರಡಿರುತ್ತದೆ. ಮರವನ್ನು ನಿಲ್ಲಿಸುವುದು ಬುಡದ ಹತ್ತಿರದ ದಪ್ಪ ಬೇರುಗಳು. ನೀರು, ಆಹಾರ ತರುವುದು ದೂರದ ಸಣ್ಣ ಬೇರುಗಳು.

ಒಂದು ಸುಲಭ ಲೆಕ್ಕ ಇದೆ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಕಾಂಡದ ಅಡ್ಡಗಲ ಸಿಗುತ್ತದೆ. ನಿಮ್ಮದು 84 ಇಂಚು, ಅಂದರೆ ಅಡ್ಡಗಲ ಸುಮಾರು 27 ಇಂಚು. ಎಷ್ಟು ಇಂಚೋ ಅಷ್ಟು ಅಡಿ, ಅಂದರೆ ಬುಡದಿಂದ ಸುತ್ತಲೂ 27 ಅಡಿ, ಮರದ ಬೇರಿನ ಮನೆ ಎಂದುಕೊಳ್ಳಿ. ಅಲ್ಲಿ ಅಗೆದಷ್ಟೂ ಮರಕ್ಕೆ ನಷ್ಟ. ಅಡ್ಡಗಲದ ಮೂರು ಪಟ್ಟು, ಅಂದರೆ ಸುಮಾರು 6 ಅಡಿ 9 ಇಂಚಿನೊಳಗೆ, ಮರವನ್ನು ಹಿಡಿದು ನಿಲ್ಲಿಸುವ ಬೇರುಗಳಿರುತ್ತವೆ. ಅಲ್ಲಿ ಕೈಯಾಡಿಸಲೇ ಬಾರದು. ನಿಮ್ಮ ಕಾಲುವೆ 5 ಅಡಿಯಲ್ಲಿದೆ, ಆಳ 3 ಅಡಿ. ಪಶ್ಚಿಮದ ದಪ್ಪ ಬೇರುಗಳಲ್ಲಿ ಕೆಲವಾದರೂ ಹೋಗಿವೆ ಎಂದೇ ಇಟ್ಟುಕೊಳ್ಳಬೇಕು. ಮುಂಗಾರು ಗಾಳಿ ಬೀಸುವುದು ಪಶ್ಚಿಮದಿಂದ. ಆ ಗಾಳಿಗೆ ಮರವನ್ನು ಹಿಂದಕ್ಕೆ ಜಗ್ಗಿ ಹಿಡಿಯಬೇಕಾದವೇ ಆ ಬೇರುಗಳು. ಮನೆಯಿರುವುದು ಪೂರ್ವಕ್ಕೆ. ನಿಮ್ಮ ಭಯಕ್ಕೆ ಕಾರಣ ಇಲ್ಲ ಎಂದು ನಾನು ಹೇಳಲಾರೆ. ಆದರೆ ಭಯದ ಜಾಗ ನೆತ್ತಿಯಲ್ಲಿಲ್ಲ, ನೆಲದಲ್ಲಿದೆ.

ಕತ್ತರಿಸಿದ ಬೇರಿನ ಪರಿಣಾಮ ಮರುದಿನವೇ ಕಾಣುವುದಿಲ್ಲ. ತುದಿಯಿಂದ ಕೊಳೆತ ಒಳಗೆ ಸರಿಯಲು ಎರಡರಿಂದ ಐದು ವರ್ಷ ಹಿಡಿಯಬಹುದು. ನಿಮಗೆ ಈಗ ಎರಡು ವರ್ಷ ತುಂಬಿದೆ. ಮುಂದಿನ ಎರಡು-ಮೂರು ವರ್ಷ ಕಣ್ಣಿಟ್ಟಿರಬೇಕು.

ಹೇಗೆ ನೋಡುವುದು? ಮಾಳಿಗೆಯಿಂದ ತೂಗುಗುಂಡು ಇಳಿಬಿಟ್ಟು, ಅದರ ದಾರದ ಪಕ್ಕ ಕಾಂಡ ಕಾಣುವಂತೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಮೂರು ತಿಂಗಳಿಗೊಮ್ಮೆ, ಮತ್ತೆ ದೊಡ್ಡ ಮಳೆಗಾಳಿ ಆದ ಮೇಲೊಮ್ಮೆ. ಹುಟ್ಟಿನಿಂದ ಬಾಗಿ ಬೆಳೆದ ಮರಕ್ಕೆ ಅದರಿಂದ ತೊಂದರೆ ಇಲ್ಲ. ಹೊಸದಾಗಿ ವಾಲಿದ್ದರೆ ಅದು ಗಂಭೀರ.

ಬುಡದ ಸುತ್ತ ನೆಲವನ್ನೂ ನೋಡಿ. ಇಲ್ಲಿ ನಮ್ಮ ಎರೆ ಭೂಮಿ ಮೋಸ ಮಾಡುತ್ತದೆ. ಬೇಸಿಗೆಯಲ್ಲಿ ಎಲ್ಲ ಕಡೆ ಬಿರುಕು ಬಿಡುವುದರಿಂದ ಜನ ಅಪಾಯದ ಬಿರುಕನ್ನೂ ಅದೇ ಅಂದುಕೊಂಡು ಬಿಡುತ್ತಾರೆ. ಒಣಗಿ ಆದ ಬಿರುಕು ಅಂಗಳದ ಉದ್ದಕ್ಕೂ ಅಡ್ಡಾದಿಡ್ಡಿ ಹರಿದಿರುತ್ತದೆ, ಮಳೆ ಬಂದ ಮೇಲೆ ಮುಚ್ಚಿಕೊಳ್ಳುತ್ತದೆ. ಬೇರು ಸಡಿಲಾಗಿ ಆದ ಬಿರುಕು ಮರದ ಸುತ್ತ ಕಮಾನಿನಂತೆ ಬಾಗಿರುತ್ತದೆ. ಮಳೆಗಾಲದಲ್ಲೂ ಇರುತ್ತದೆ. ಗಾಳಿ ಬೀಸಿದಾಗ ತೆರೆದು ಮುಚ್ಚುತ್ತದೆ, ಆ ಕಡೆಯ ಮಣ್ಣು ಉಬ್ಬಿರುತ್ತದೆ. ನಿಮ್ಮ ಅಂಗಳದಲ್ಲಿ ಫರ್ಸಿ ಇರುವುದರಿಂದ, ಕಾಂಡಕ್ಕೂ ಕಾಲುವೆಗೂ ನಡುವಿನ ಫರ್ಸಿ ಹೊಸದಾಗಿ ಎದ್ದಿದೆಯೇ ನೋಡಿ. ಹೀಗೆ ಕಂಡರೆ ಆಸೆ ಬಿಟ್ಟುಬಿಡಿ. ಆ ಕಡೆಯ ಕೋಣೆ ಖಾಲಿ ಮಾಡಿ, ಮರ ತೆಗೆಸುವ ಏರ್ಪಾಡು ಮಾಡಿ. ಬುಡದಲ್ಲಿ ಗಟ್ಟಿ, ತಟ್ಟೆಯಂಥ ಅಣಬೆ ಮೂಡಿದ್ದರೂ ಅದು ಬೇರು ಕೊಳೆಯುತ್ತಿರುವ ಗುರುತು. ಆಗ ಯಾರಾದರೂ ತಿಳಿದವರು ಬಂದು ಕೈಯಿಂದ ಮಣ್ಣು ಸರಿಸಿ ಬೇರನ್ನು ನೋಡಲೇಬೇಕು.

ಇನ್ನು "ಮೇಲಿನ ಅರ್ಧ ಹಾರಿಸುವ" ಸಲಹೆ. ಇದನ್ನು ದಯವಿಟ್ಟು ಒಪ್ಪಬೇಡಿ. ಅರ್ಧ ನೆತ್ತಿ ಹೋದರೆ ಆ ವರ್ಷ ಗಾಳಿ ಕಡಿಮೆ ಹಿಡಿಯುತ್ತದೆ, ಸುಳ್ಳಲ್ಲ. ಆಮೇಲೆ ಏನಾಗುತ್ತದೆ? ಎಲೆಗಳೇ ಮರಕ್ಕೆ ಅಡುಗೆಮನೆ. ಅರ್ಧ ಎಲೆ ಹೋದರೆ ಬೇರಿಗೆ ಊಟ ಸಿಗುವುದಿಲ್ಲ. ಬೇರು ಮೊದಲೇ ಗಾಯಗೊಂಡ ನಿಮ್ಮ ಮರಕ್ಕೆ ಇದು ಎರಡನೇ ಪೆಟ್ಟು. ಹಸಿವಾದ ಮರ ಕಡಿದ ಮೊಂಡಿನ ಸುತ್ತ ರಾಶಿ ಚಿಗುರು ಹೊರಡಿಸುತ್ತದೆ. ನೋಡುವವರು "ನೋಡ್ರಿ, ಎಷ್ಟು ಚಂದ ಚಿಗುರಿತು" ಅನ್ನುತ್ತಾರೆ. ಆ ಚಿಗುರುಗಳು ಒಳಗಿನ ಕಟ್ಟಿಗೆಯಿಂದ ಹುಟ್ಟಿದವಲ್ಲ, ತೊಗಟೆಯ ಕೆಳಗೆ ಮೇಲ್ಮೇಲೆ ಅಂಟಿಕೊಂಡವು. ನಾಲ್ಕೈದು ವರ್ಷದಲ್ಲಿ ಅವು ಮೊದಲಿನಷ್ಟೇ ಎತ್ತರಕ್ಕೆ ಬೆಳೆಯುತ್ತವೆ. ಅಷ್ಟರಲ್ಲಿ ಕೆಳಗಿನ ಮೊಂಡು ಕೊಳೆತಿರುತ್ತದೆ. ಬಿರುಗಾಳಿಗೆ ಕಿತ್ತು ಬರುವುದು ಅವೇ. ನಮ್ಮ ಊರುಗಳ ರಸ್ತೆ ಬದಿಯಲ್ಲಿ ತಲೆ ಕಡಿಸಿಕೊಂಡ ಮರಗಳು ಸಾಕಷ್ಟಿವೆ. ಮೇ ತಿಂಗಳಲ್ಲಿ ಅವುಗಳ ಕೆಳಗೆ ಎಷ್ಟು ಟೊಂಗೆ ಬಿದ್ದಿರುತ್ತವೆ ಎಂದು ಒಮ್ಮೆ ನೋಡಿ. ಜೊತೆಗೆ, ಇಷ್ಟು ವರ್ಷ ನೆರಳಲ್ಲಿದ್ದ ಕಾಂಡದ ತೊಗಟೆ ನಮ್ಮ ಬಿಸಿಲಿಗೆ ನೇರ ಸಿಕ್ಕರೆ ಸೀಳುತ್ತದೆ, ಹುಳು ಸೇರುತ್ತದೆ.

ಇನ್ನೊಂದು ಪದ್ಧತಿಯೂ ಇದೆ. ಒಳಗಿನ ಸಣ್ಣ ಟೊಂಗೆಗಳನ್ನೆಲ್ಲ ಬೋಳಿಸಿ ತುದಿಯಲ್ಲಿ ಮಾತ್ರ ಎಲೆ ಬಿಡುವುದು. "ಗಾಳಿ ಆಡಲಿ" ಎಂದು ಮಾಡುತ್ತಾರೆ. ಭಾರವೆಲ್ಲ ತುದಿಗೆ ಹೋಗಿ ಟೊಂಗೆ ಜಾಸ್ತಿ ಓಲಾಡುತ್ತದೆ, ಬೇಗ ಮುರಿಯುತ್ತದೆ. ಇದೂ ಬೇಡ.

ಹಾಗಾದರೆ ಮಾಡಬೇಕಾದ್ದೇನು? ಉದ್ದ ಟೊಂಗೆಗಳ ತುದಿಯನ್ನು ಮಾತ್ರ ಹಿಂದಕ್ಕೆ ತರುವುದು. ಮೂರು-ನಾಲ್ಕು ಅಡಿಯಷ್ಟು ಸಾಕು. ಮೊಂಡು ಬಿಡದೆ, ಪಕ್ಕದ ಒಂದು ಆರೋಗ್ಯವಂತ ಉಪಟೊಂಗೆಯ ತನಕ ಕತ್ತರಿಸಬೇಕು. ಆ ಉಪಟೊಂಗೆ ಕತ್ತರಿಸಿದ ಟೊಂಗೆಯ ದಪ್ಪದ ಮೂರನೇ ಒಂದು ಪಾಲಾದರೂ ಇರಬೇಕು, ಆಗಷ್ಟೇ ಅದು ತುದಿಯ ಕೆಲಸ ವಹಿಸಿಕೊಳ್ಳುತ್ತದೆ. ಈ ವಯಸ್ಸಿನ ಮರದಲ್ಲಿ ಒಂದು ಸಲಕ್ಕೆ 10ರಿಂದ 15 ಶೇಕಡ ಎಲೆಗಿಂತ ಹೆಚ್ಚು ತೆಗೆಯಬಾರದು. ನಿಮ್ಮ ಮರಕ್ಕೆ ಇದನ್ನು ಎರಡು ಚಳಿಗಾಲಕ್ಕೆ ಹಂಚಿ ಮಾಡಿಸಿ. ಮನೆಯ ಮೇಲೆ ಚಾಚಿದ ಪೂರ್ವದ ಟೊಂಗೆಗಳಿಂದ ಶುರು ಮಾಡಿ. ಕಾಲ ಯಾವುದು ಅಂದರೆ ಎಳ್ಳ ಅಮಾವಾಸ್ಯೆ ಆದ ಮೇಲೆ ಶಿವರಾತ್ರಿಯೊಳಗೆ. ಯುಗಾದಿ ಹೊತ್ತಿಗೆ ಬೇವು ಹೊಸ ಎಲೆ, ಹೂ ಬಿಡುವುದರಿಂದ ಗಾಯ ಬೇಗ ಸುತ್ತಿಕೊಳ್ಳುತ್ತದೆ, ಮೇ ಗಾಳಿಗೆ ಮುಂಚೆ ಭಾರವೂ ಇಳಿದಿರುತ್ತದೆ. ಮಳೆಗಾಲದಲ್ಲಿ ಕತ್ತರಿಸಿದರೆ ಹಸಿ ಗಾಯಕ್ಕೆ ಶಿಲೀಂಧ್ರ ಸೇರುವುದು ಸುಲಭ. ಪೂರ್ತಿ ಒಣಗಿದ ಟೊಂಗೆ ಮಾತ್ರ ಯಾವಾಗ ಬೇಕಾದರೂ ತೆಗೆಸಬಹುದು.

ಕತ್ತರಿಸುವ ಜಾಗ ಮುಖ್ಯ. ಟೊಂಗೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ ಕೊರಳು ಇರುತ್ತದೆ. ಅದನ್ನು ಬಿಟ್ಟು ಅದರ ಹೊರಗೆ ಗರಗಸ ಇಡಬೇಕು. ಭಾರದ ಟೊಂಗೆಯಾದರೆ ಒಂದಡಿ ಆಚೆ ಮೊದಲು ಕೆಳಗಿನಿಂದ ಅರ್ಧ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ಮೊಂಡನ್ನು ಕೊನೆಗೆ ತೆಗೆಯಬೇಕು. ಇಲ್ಲದಿದ್ದರೆ ಬೀಳುವ ಟೊಂಗೆ ತೊಗಟೆಯನ್ನು ಕಾಂಡದ ಕೆಳಗಿನವರೆಗೂ ಸುಲಿದುಕೊಂಡು ಬರುತ್ತದೆ. ಕೊಡಲಿ ಏಟು ಬೇಡವೇ ಬೇಡ. ಈ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಸರಿ.

ಗಾಯಕ್ಕೆ ಡಾಂಬರು, ಪೇಂಟು, ಸಗಣಿ, ಸಿಮೆಂಟು ಯಾವುದನ್ನೂ ಬಳಿಯಬೇಡಿ. ನಮ್ಮ ಚರ್ಮದ ಹಾಗೆ ಮರದ ಗಾಯ ವಾಸಿಯಾಗುವುದಿಲ್ಲ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಮರ ಕೆಟ್ಟ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿಕೊಂಡು, ಅದರಾಚೆ ಹೊಸ ಕಟ್ಟಿಗೆ ಬೆಳೆಸುತ್ತದೆ. ಮೇಲೆ ಬಳಿದದ್ದು ತೇವವನ್ನು ಹಿಡಿದಿಡುತ್ತದೆ ಅಷ್ಟೆ.

ನಿಮ್ಮ ಪೊಟರೆಯ ಸಿಮೆಂಟಿಗೂ ಇದೇ ಕಥೆ. ಒಂದು ಕಾಲಕ್ಕೆ ಎಲ್ಲ ಕಡೆ ತುಂಬಿಸುತ್ತಿದ್ದರು, ಈಗ ಕೈಬಿಟ್ಟಿದ್ದಾರೆ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ನಡುವೆ ಸಂದು ಬಿಟ್ಟು ನೀರು ಇಳಿಯುತ್ತದೆ. ಹಾಗಂತ ಗಟ್ಟಿಯಾಗಿ ಕೂತ ಸಿಮೆಂಟನ್ನು ಉಳಿ ಹಾಕಿ ಒಡೆಸಲು ಹೋಗಬೇಡಿ, ಮರ ಕಟ್ಟಿಕೊಂಡ ಒಳಗೋಡೆಯೇ ಒಡೆಯುತ್ತದೆ. ಸಡಿಲಾಗಿದ್ದರೆ ಮಾತ್ರ ಎತ್ತಿ ತೆಗೆಯಿರಿ. ನೀರು ಹೋಗಲೆಂದು ತೂತು ಕೊರೆಸುವುದೂ ಬೇಡ.

ಟೊಳ್ಳು ಇದ್ದ ಮಾತ್ರಕ್ಕೆ ಮರ ಬೀಳುವುದಿಲ್ಲ. ಸುತ್ತಲಿನ ಗೋಡೆ ಗಟ್ಟಿಯಿದ್ದರೆ ಟೊಳ್ಳು ಕಾಂಡವೂ ಚೆನ್ನಾಗಿ ನಿಲ್ಲುತ್ತದೆ. ನಾವು ಇಟ್ಟುಕೊಂಡ ಒಂದು ಅಂದಾಜಿನ ಪ್ರಕಾರ, ಕಾಂಡದ ನಡುವಿನಿಂದ ಹೊರಗಿನವರೆಗಿನ ಅಳತೆಯಲ್ಲಿ ಮೂರನೇ ಒಂದು ಪಾಲಾದರೂ ಗಟ್ಟಿ ಕಟ್ಟಿಗೆ ಇರಬೇಕು. ನಿಮ್ಮ ಮರಕ್ಕೆ ಅದು ನಾಲ್ಕೂವರೆ ಇಂಚು. ಪೊಟರೆ ಬಾಯಿ ತೆರೆದಿದ್ದರೆ ಇನ್ನೂ ಹೆಚ್ಚು ಬೇಕು. ಕಟ್ಟಿಗೆಯ ಸುತ್ತಿಗೆಯಿಂದ ಸುತ್ತಲೂ ತಟ್ಟಿದರೆ ಸದ್ದಿನಲ್ಲೇ ವ್ಯತ್ಯಾಸ ತಿಳಿಯುತ್ತದೆ. ಪೊಟರೆಯೊಳಗೆ ಸಣ್ಣ ಕಂಬಿ ಇಳಿಸಿದರೆ ಆಳ ಗೊತ್ತಾಗುತ್ತದೆ.

ನನಗೆ ಪೊಟರೆಗಿಂತ ಅದು ಇರುವ ಜಾಗ ಮುಖ್ಯ. ಕವಲಿನಲ್ಲಿದೆ ಅಂದಿರಿ. ಎರಡು ಸಮ ದಪ್ಪದ ಕವಲುಗಳು ಅಗಲವಾಗಿ, ಬಟ್ಟಲಿನಂತೆ ಬಿಚ್ಚಿಕೊಂಡಿದ್ದರೆ ಒಳ್ಳೆಯದು. ಒಂದಕ್ಕೊಂದು ಒತ್ತಿಕೊಂಡು ಕಿರಿದಾಗಿ ಎದ್ದು, ನಡುವೆ ತೊಗಟೆ ಒಳಕ್ಕೆ ಮಡಚಿಕೊಂಡಿದ್ದರೆ ಅಲ್ಲಿ ಕಟ್ಟಿಗೆಗೆ ಕಟ್ಟಿಗೆ ಕೂಡಿಯೇ ಇರುವುದಿಲ್ಲ. ಮೇ ತಿಂಗಳಲ್ಲಿ ಸೀಳುವುದು ಇಂಥ ಕವಲೇ. ಕವಲಿನಿಂದ ಕೆಳಕ್ಕೆ ನೇರ ಗೀರು ಇಳಿದಿದ್ದರೆ, ಅದರಿಂದ ನೀರು ಸೋರುತ್ತಿದ್ದರೆ ತಡ ಮಾಡಬೇಡಿ. ಸಣ್ಣ ಕವಲನ್ನು ಎರಡು-ಮೂರು ವರ್ಷದಲ್ಲಿ ಹಂತಹಂತವಾಗಿ ಮೊಟಕು ಮಾಡಿಸುವುದು ಒಂದು ದಾರಿ. ಎರಡು ಕವಲನ್ನೂ ಮೇಲ್ಭಾಗದಲ್ಲಿ ಉಕ್ಕಿನ ಹಗ್ಗದಿಂದ ಬಿಗಿಯುವುದು ಇನ್ನೊಂದು ದಾರಿ. ಅದನ್ನು ಬೋಲ್ಟು ಹಾಯಿಸಿ ಮಾಡಬೇಕು, ಗೊತ್ತಿದ್ದವರೇ ಮಾಡಬೇಕು, ವರ್ಷಕ್ಕೊಮ್ಮೆ ನೋಡಬೇಕು. ನಮ್ಮ ಕಡೆ ಮಾಡುವವರು ಕಡಿಮೆ. ಸರಪಳಿ, ತಂತಿ ಸುತ್ತಿ ಬಿಗಿದರೆ ಮರ ದಪ್ಪವಾದ ಹಾಗೆ ಅದೇ ಕತ್ತು ಹಿಸುಕುತ್ತದೆ. ಬಟ್ಟೆ ಒಣಹಾಕುವ ತಂತಿ ಸುತ್ತಿದ್ದರೆ ಅದನ್ನೂ ಬಿಚ್ಚಿ.

ಈಗ ನೆಲದ ಕೆಲಸ. ನಿಮ್ಮಿಂದ ಆಗುವ ದೊಡ್ಡ ಉಪಕಾರ ಇದೇ. ಬುಡದಿಂದ ಸುತ್ತಲೂ ಕನಿಷ್ಠ 5 ಅಡಿ ಫರ್ಸಿ ಎಬ್ಬಿಸಿ. ಹಾರೆ, ಕೈ ಬಳಸಿ, ಯಂತ್ರ ತರಬೇಡಿ. ಬೇರು ಕಂಡರೆ ಕಡಿಯಬೇಡಿ. ಅದರಾಚೆ ಫರ್ಸಿ ಬೇಕೇ ಬೇಕೆಂದರೆ ಸಿಮೆಂಟ್ ಇಲ್ಲದೆ ಮರಳಿನ ಮೇಲೆ, ಸಂದು ಬಿಟ್ಟು ಹಾಸಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ತೆರೆದ ನೆಲಕ್ಕೆ ಎರಡರಿಂದ ನಾಲ್ಕು ಇಂಚು ಒಣ ಎಲೆ, ತುಂಡು ಮಾಡಿದ ತೊಗರಿ ಕಟ್ಟಿಗೆ ಹೊದಿಸಿ. ಬೇವಿನ ಸೊಪ್ಪನ್ನು ಗುಡಿಸಿ ಸುಡುತ್ತೀರಲ್ಲ, ಅದನ್ನೇ ಹಾಕಿ. ಹೊದಿಕೆ ಕಾಂಡಕ್ಕೆ ತಾಗದಂತೆ ಅರ್ಧ ಅಡಿ ಜಾಗ ಬಿಡಿ.

ಯಾರಾದರೂ "ಚಂದ ಒಂದು ಕಟ್ಟೆ ಕಟ್ಟಿಸಿಬಿಡಿ" ಅನ್ನುತ್ತಾರೆ. ಬೇಡ. ಕಟ್ಟೆ ಕಟ್ಟಿ ಮಣ್ಣು ತುಂಬಿದರೆ ಬುಡದ ತೊಗಟೆ ತೇವದಲ್ಲಿ ಕೊಳೆಯುತ್ತದೆ, ಕೆಳಗಿನ ಬೇರಿಗೆ ಗಾಳಿ ಸಿಗುವುದಿಲ್ಲ. ಹಳ್ಳಿಗಳ ಹಳೆಯ ಬೇವಿನ ಕಟ್ಟೆಗಳಲ್ಲಿ ಎಷ್ಟೋ ಒಣಕಲ್ಲಿನವು, ಸಂದಿನಲ್ಲಿ ಗಾಳಿ, ನೀರು ಆಡುತ್ತವೆ. ಸಿಮೆಂಟ್ ಹಾಕಿ ಟೈಲ್ಸ್ ಮೆತ್ತಿದ ಕಟ್ಟೆಗೂ ಅದಕ್ಕೂ ಹೋಲಿಕೆ ಇಲ್ಲ.

ನೀರಿನ ಬಗ್ಗೆ. ತೆರೆದ ನೆಲದಲ್ಲಿ ನಿಂತ ದೊಡ್ಡ ಬೇವಿಗೆ ನಾವು ನೀರು ಹಾಕುವ ಅಗತ್ಯ ಇಲ್ಲ. ನಿಮ್ಮದಕ್ಕೆ ಬೇಕು, ಯಾಕೆಂದರೆ ಫರ್ಸಿಯಿಂದ ಮಳೆ ನೀರು ಇಂಗಿಲ್ಲ, ಒಂದು ಕಡೆಯ ಬೇರೂ ಹೋಗಿದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಎರಡು-ಮೂರು ವಾರಕ್ಕೊಮ್ಮೆ ಹಾಕಿ. ಈ ದಪ್ಪದ ಮರಕ್ಕೆ ಒಂದು ಸಲಕ್ಕೆ 1000 ಲೀಟರ್ ಕೊಟ್ಟರೆ ಚೆನ್ನ. ಬೇಸಿಗೆಯಲ್ಲಿ ನಿಮಗೇ ಟ್ಯಾಂಕರ್ ನೀರು ಅಂದರೆ 500 ಆದರೂ ಸರಿ. ದಿನಾ ಒಂದೊಂದು ಕೊಡ ಸುರಿಯುವುದು ವ್ಯರ್ಥ. ಕಾಂಡಕ್ಕೆ ಹಾಕಬೇಡಿ. ಟೊಂಗೆಯ ನೆರಳು ಮುಗಿಯುವ ಅಂಚಿನಲ್ಲಿ, ಮನೆಯ ಪಾಯದಿಂದ ದೂರದ ಕಡೆ, ಪೈಪ್ ಸಣ್ಣಗೆ ಬಿಟ್ಟು ನಿಧಾನಕ್ಕೆ ಇಂಗಿಸಿ. ಎರೆ ಮಣ್ಣು ನೀರು ಕುಡಿದ ಕೂಡಲೇ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಜೋರಾಗಿ ಬಿಟ್ಟರೆ ಹರಿದು ಹೋಗುತ್ತದೆ. ತರಕಾರಿ ತೊಳೆದ ನೀರು, ಎ.ಸಿ. ನೀರು ಆಗಬಹುದು. ಫಿಲ್ಟರ್‌ನಿಂದ ಹೊರಬರುವ ಉಪ್ಪು ನೀರನ್ನು ದಿನಾ ಒಂದೇ ಕಡೆ ಬಿಡಬೇಡಿ, ನಮ್ಮ ಮಣ್ಣಿನಲ್ಲಿ ಉಪ್ಪು ಕೂರುತ್ತದೆ. ಯೂರಿಯಾ ಹಾಕಬೇಡಿ. ಅದು ಮೆದು ಚಿಗುರು ಹೊರಡಿಸುತ್ತದೆ, ಗಾಯಗೊಂಡ ಬೇರಿಗೆ ಅದನ್ನು ಸಾಕುವ ಶಕ್ತಿ ಇಲ್ಲ.

ಗೋಡೆಯ ಬಿರುಕು. ಅದು ಏಪ್ರಿಲ್-ಮೇಯಲ್ಲಿ ಅಗಲವಾಗಿ, ಸೆಪ್ಟೆಂಬರ್‌ನಲ್ಲಿ ಕಿರಿದಾಗುತ್ತದೆಯೇ ನೋಡಿ. ಹಾಗಾದರೆ ಬೇರು ಗೋಡೆಯನ್ನು ಒತ್ತುತ್ತಿಲ್ಲ, ಎರೆ ಮಣ್ಣು ಒಣಗಿ ಕುಗ್ಗುತ್ತಿದೆ. ಮರ ನೀರು ಹೀರುವುದರಿಂದ ಕುಗ್ಗುವುದು ಸ್ವಲ್ಪ ಜಾಸ್ತಿ ಆಗುತ್ತದೆ, ಅದೂ ನಿಜ. ಮರ ತೆಗೆದರೆ ಸರಿಹೋಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ನಿಮ್ಮ ವಿಷಯದಲ್ಲಿ ಇದು ತಿರುಗುಬಾಣ ಆಗಬಹುದು. 2012ರ ಕೋಣೆಯ ಪಾಯ ಹಾಕಿದ್ದು ದೊಡ್ಡ ಮರ ಆಗಲೇ ಒಣಗಿಸಿದ್ದ ನೆಲದ ಮೇಲೆ. ಮರ ಹೋದರೆ ಆ ನೆಲ ಕೆಲವು ವರ್ಷಗಳಲ್ಲಿ ನಿಧಾನವಾಗಿ ನೀರು ಕುಡಿದು ಉಬ್ಬುತ್ತದೆ, ಕೋಣೆಯನ್ನು ಕೆಳಗಿನಿಂದ ಎತ್ತುತ್ತದೆ. ಆಗ ಬೇರೆ ಕಡೆ ಬಿರುಕು ಬಿಡುತ್ತದೆ. ಹಾಗಾಗಿ ಮರ ತೆಗೆಯುವ ತೀರ್ಮಾನ ಆದರೂ ಮೊದಲು ಒಬ್ಬ ಸಿವಿಲ್ ಎಂಜಿನಿಯರ್‌ಗೆ ಕೋಣೆ ತೋರಿಸಿ. ಸದ್ಯಕ್ಕೆ ಮಾಳಿಗೆಯ ನೀರು ಆ ಮೂಲೆಯಲ್ಲಿ ಬೀಳದಂತೆ ಪೈಪ್ ತಿರುಗಿಸಿ, ಹೊಸ ಚರಂಡಿ ಪೈಪು ಸೋರುತ್ತಿಲ್ಲವೇ ನೋಡಿ. ಗಟ್ಟಿ ಪೈಪನ್ನು ಬೇರು ಒಡೆಯುವುದಿಲ್ಲ, ಸೋರುವ ಕೀಲಿನಲ್ಲಿ ನುಗ್ಗುತ್ತದೆ.

ಗೆದ್ದಲಿಗೆ ಹೆದರಬೇಡಿ. ನಮ್ಮ ಕಡೆ ತೊಗಟೆ ಮೇಲೆ ಮಣ್ಣು ಕಟ್ಟುವ ಗೆದ್ದಲು ಸಾಮಾನ್ಯವಾಗಿ ತಿನ್ನುವುದು ಹೊರಗಿನ ಸತ್ತ ಪದರವನ್ನು. ಮಣ್ಣನ್ನು ಉದುರಿಸಿ ಒತ್ತಿ ನೋಡಿ. ತೊಗಟೆ ಗಟ್ಟಿಯಿದ್ದರೆ ಮುಗಿಯಿತು. ಸುಣ್ಣ, ಕೆಮ್ಮಣ್ಣು ಬಳಿದರೆ ಚಂದ ಕಾಣುತ್ತದೆ, ಮರಕ್ಕೆ ಬಲ ಬರುವುದಿಲ್ಲ.

ಚಿಗುರು ಒಣಗುವುದು ಫೋಮಾಪ್ಸಿಸ್ ಎಂಬ ಶಿಲೀಂಧ್ರದ ಕೆಲಸ ಇರಬೇಕು. ರಸ ಹೀರುವ ತಿಗಣೆಯೂ ಅದಕ್ಕೆ ಜೊತೆಯಾಗುತ್ತದೆ. ಮಳೆಗಾಲದಲ್ಲಿ ಹರಡಿ, ಆಗಸ್ಟ್‌ನಿಂದ ಚಳಿಗಾಲದವರೆಗೆ ಕಾಣುತ್ತದೆ. 2021ರಲ್ಲಿ ಪಕ್ಕದ ತೆಲಂಗಾಣದಲ್ಲಿ ಬೇವುಗಳು ಒಣಗಿದಾಗ ಜನ ಮರಗಳೇ ಸತ್ತವೆಂದು ಗಾಬರಿಯಾದರು. ಬಹಳಷ್ಟು ಮತ್ತೆ ಚಿಗುರಿದವು. ಕೈಗೆಟಕುವ ಒಣ ಚಿಗುರನ್ನು ಕತ್ತರಿಸಿ ತೆಗೆಯಿರಿ. ಇಷ್ಟು ದೊಡ್ಡ ಮರಕ್ಕೆ ಮನೆಗಳ ನಡುವೆ ಔಷಧಿ ಸಿಂಪಡಿಸುವುದು ಸರಿಯಲ್ಲ, ಅಗತ್ಯವೂ ಇಲ್ಲ.

ಕೊನೆಗೆ ನನ್ನ ತೀರ್ಮಾನ. ವಾಲಿಲ್ಲ, ಕಮಾನು ಬಿರುಕಿಲ್ಲ, ಅಣಬೆಯಿಲ್ಲ, ಕವಲು ಸೀಳಿಲ್ಲ ಅಂದರೆ ನಾನು ಈ ಮರವನ್ನು ಉಳಿಸುತ್ತೇನೆ. ತುದಿ ಭಾರ ಇಳಿಸಿ, ಫರ್ಸಿ ಎಬ್ಬಿಸಿ, ಬೇಸಿಗೆಯಲ್ಲಿ ನೀರು ಕೊಡುತ್ತೇನೆ. ಇಷ್ಟೆಲ್ಲ ಮಾಡಿದರೂ ಅಪಾಯ ಸೊನ್ನೆ ಆಗುವುದಿಲ್ಲ. ಅದಕ್ಕೇ ಇವತ್ತೇ, ದುಡ್ಡಿಲ್ಲದೆ ಮಾಡಬಹುದಾದ್ದು ಒಂದಿದೆ. ಮರದ ಕಡೆಯ ಕೋಣೆಯಲ್ಲಿ ಮಕ್ಕಳು ಮಲಗುತ್ತಿದ್ದರೆ ಬೇರೆ ಕೋಣೆಗೆ ಬದಲಿಸಿ. ಮೋಡ ಕಟ್ಟಿದಾಗ ಯಾರೂ ಮರದ ಕೆಳಗೆ ನಿಲ್ಲಬೇಡಿ, ಸಿಡಿಲಿನ ದೃಷ್ಟಿಯಿಂದಲೂ ಇದು ಮುಖ್ಯ. ಗಾಡಿಯನ್ನೂ ಆಚೆ ನಿಲ್ಲಿಸಿ. ಪಕ್ಕದವರಿಗೆ ನೀವು ಏನೇನು ಪರೀಕ್ಷೆ ಮಾಡಿಸುತ್ತಿದ್ದೀರಿ ಎಂದು ತೋರಿಸಿ, ಫೋಟೋ ಸಮೇತ. ಅವರ ಮರ ಬಿದ್ದು ಅವರು ಹೆದರಿದ್ದಾರೆ, ಅಲ್ವಾ? ಸುಮ್ನೆ "ಏನೂ ಆಗಲ್ಲ" ಅಂದರೆ ಅವರಿಗೆ ಸಮಾಧಾನ ಆಗುವುದಿಲ್ಲ.

ಕೆಲಸದವರ ಜೊತೆ ಮಾತಾಡುವಾಗ ಒಂದು ಎಚ್ಚರ. ಕಟ್ಟಿಗೆ ತಮಗೇ ಎಂಬ ಲೆಕ್ಕದಲ್ಲಿ ಕಡಿಮೆ ಕೂಲಿ ಹೇಳುವವರು ಹೆಚ್ಚು. ಆಗ ದಪ್ಪ ಟೊಂಗೆ ಕಡಿದಷ್ಟೂ ಅವರಿಗೆ ಲಾಭ, ತೆಳ್ಳನೆ ತುದಿ ಕತ್ತರಿಸಿದರೆ ಏನೂ ಸಿಗುವುದಿಲ್ಲ. ಅವರದೂ ಹೊಟ್ಟೆಪಾಡು. ಕಟ್ಟಿಗೆ ನಮಗಿರಲಿ, ದಿನಗೂಲಿ ಪೂರ್ತಿ ಕೊಡುತ್ತೇವೆ ಎಂದು ಮೊದಲೇ ಹೇಳಿ. ಕತ್ತರಿಸುವ ಜಾಗಗಳಿಗೆ ಸುಣ್ಣದ ಗುರುತು ಹಾಕಿಸಿ, ನೀವು ಎದುರಿಗಿರಿ. ಹತ್ತುವವರಿಗೆ ಹಗ್ಗ, ಬೆಲ್ಟ್ ಇರಲಿ. ಕರೆಂಟ್ ತಂತಿ ಹತ್ತಿರ ಇದ್ದರೆ 1912ಕ್ಕೆ ಫೋನ್ ಮಾಡಿ ಜೆಸ್ಕಾಂನವರಿಂದ ಲೈನ್ ಬಂದ್ ಮಾಡಿಸದೆ ಯಾರನ್ನೂ ಹತ್ತಿಸಬೇಡಿ.

ಮರ ತೆಗೆಯಲೇಬೇಕಾದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಮರ ನಿಮ್ಮದೇ ಆದರೂ, ಅಂಗಳ ನಿಮ್ಮದೇ ಆದರೂ, ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ದೊಡ್ಡ ಟೊಂಗೆ ತೆಗೆಸುವ ಮೊದಲೂ ಅಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಬೀದರ್ ಓದುಗರಿಗೆ ಒಂದು ಮಾತು. ನಿಮ್ಮ ಕೆಂಪು ಮುರಕಲ್ಲಿನ ನೆಲದಲ್ಲಿ ಬೇರು ಆಳಕ್ಕೆ ಇಳಿಯಲು ಜಾಗ ಕಡಿಮೆ, ಅಗಲಕ್ಕೆ ಜಾಸ್ತಿ ಹರಡುತ್ತದೆ. ಅಗೆಯುವಾಗ ನಾನು ಹೇಳಿದ ಲೆಕ್ಕಕ್ಕಿಂತಲೂ ದೂರ ಇರಿ. ಯಾದಗಿರಿಯ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿದು ಹೋಗುತ್ತದೆ, ಅಲ್ಲಿ ಕಡಿಮೆ ನೀರನ್ನು ಹೆಚ್ಚು ಸಲ ಕೊಡಬೇಕು.

ಅಕ್ಕಾವರೆ, ಕವಲಿನ ಹತ್ತಿರದ ಫೋಟೋ ಎರಡು ಕಡೆಯಿಂದ, ಬುಡಕ್ಕೂ ಕಾಲುವೆಗೂ ನಡುವಿನ ನೆಲದ್ದೊಂದು, ತೂಗುಗುಂಡಿನ ಪಕ್ಕ ಪೂರ್ತಿ ಮರದ್ದೊಂದು ಕಳಿಸಿ. ಕಾಲುವೆ ತೋಡುವಾಗ ಎಷ್ಟು ದಪ್ಪದ ಬೇರುಗಳು ಸಿಕ್ಕಿದ್ದವು ಎಂದು ಆ ಕೆಲಸದವರನ್ನು ಕೇಳಿ ಬರೆಯಿರಿ. ಮಣಿಕಟ್ಟಿನಷ್ಟು ದಪ್ಪದವು ನಾಲ್ಕೈದು ಹೋಗಿವೆ ಎಂದರೆ ತುದಿ ಇಳಿಸುವುದನ್ನು ಮುಂದಿನ ಚಳಿಗಾಲಕ್ಕೆ ಹಾಕದೆ ಈ ಶಿವರಾತ್ರಿಯೊಳಗೇ ಶುರು ಮಾಡಬೇಕು.